ಕತಾರಿನ ಮೀನಿಗೆ ಮಳೆಗಾಲದ ರಜೆ

ಗಿರಿಯಪ್ಪ ಕುಂದರ್‌ಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ದೋಹಾದ ದೊಡ್ಡ ದೊಡ್ಡ ಕಟ್ಟಡಗಳ, ಏಸಿಯ ನೀರು ತಣಿಸುವ ಚಿಲ್ಲರ್ ರೂಮುಗಳಲ್ಲಿ, ಕಿವಿ ಕಿತ್ತುಹೋಗುವ ಸದ್ದಿನ ನಡುವೆ, ಇಪ್ಪತ್ತಾರು ವರ್ಷ ಏಸಿ ಮೆಕ್ಯಾನಿಕ್ ಆಗಿ ದುಡಿದ ಗಂಟಲು ಅದು. ಅಲ್ ಮನ್ಸೂರಾದ ಅವನ ರೂಮಿನಲ್ಲಿ ಇನ್ನೂ ಮೂವರಿದ್ದಾರೆ. ಹೆಜಮಾಡಿಯಲ್ಲಿರುವ ಹೆಂಡತಿ ಸುಗಂಧಿಯ ಜೊತೆ ಅವನು ದಿನಾ ಫೋನಿನಲ್ಲಿ ಮಾತಾಡುವುದರಿಂದ ಆ ಮೂವರಿಗೂ ಹೆಜಮಾಡಿಯ ಸಮಾಚಾರವೆಲ್ಲ ಬಾಯಿಪಾಠ. "ಫೋನ್ ಯಾಕೆ ಗಿರಿಯಣ್ಣ, ಕಿಟಕಿ ತೆಗೆದು ಕೂಗಿದ್ರೂ ಅಕ್ಕನಿಗೆ ಕೇಳ್ತದೆ" ಎಂದು ಅವರು ಛೇಡಿಸುತ್ತಾರೆ. ಗಿರಿಯಪ್ಪ ಇನ್ನೂ ಜೋರಾಗಿ ನಗುತ್ತಾನೆ.

ಇಂಥ ಬಾಯಿಯವನಿಗೆ ಒಂದು ಗುಟ್ಟು ಸಿಕ್ಕಿದ್ದೇ ತಪ್ಪು.

ಬಾಯಿ ಹೀಗಾದರೂ ಕೈಕಾಲು ಮಾತ್ರ ಬಲು ಸೂಕ್ಷ್ಮ. ಪೈಪಿನ ಮೇಲೆ ಅಂಗೈ ಇಟ್ಟು, ತಣ್ಣೀರು ಎಲ್ಲಿ ಹರಿಯುತ್ತಿದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ಮೀಟರಿಗಿಂತ ಮೊದಲೇ ಹೇಳಬಲ್ಲ. ಹೊಸ ಎಂಜಿನಿಯರುಗಳು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಇವನ ಕೆಲಸ ಖಲಾಸ್. ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ, ಆ ಸೂಕ್ಷ್ಮವೇ ಅವನಿಗೆ ಕೊಲ್ಲಿಯ ನೀರಿನಡಿ ಒರತೆಯೊಂದನ್ನು ತೋರಿಸಿಕೊಟ್ಟಿತು.

ಶುಕ್ರವಾರ ರಜೆ, ರಜೆಯೆಂದರೆ ಗಾಳ. ಜೊತೆಗೆ ಇಬ್ಬರು ಖಾಯಂ ಸಂಗಾತಿಗಳು. ಒಬ್ಬ ಉಮ್ಮ್ ಸಲಾಲ್‌ನಲ್ಲಿ ಕೆಫೆಟೇರಿಯಾ ನಡೆಸುವ ಪಡುಬಿದ್ರಿಯ ಮೂಸಬ್ಬ. ಚಹಾ, ಪರೋಟಾದ ಜೊತೆಗೆ ಗಾಳಕ್ಕೆ ಚುಚ್ಚುವ ಬೊಂಡಾಸನ್ನೂ (ಸ್ಕ್ವಿಡ್) ಫ್ರೀಜರಿನಲ್ಲಿಟ್ಟು ಮಾರುವವನು. ಇನ್ನೊಬ್ಬ ಗದಗದ ಕಡೆಯ ಶಿವಪ್ಪ. ಕಟ್ಟಡಗಳಿಗೆ ಸಾರುವೆ ಕಟ್ಟುವ ಕೆಲಸ, ವಾಸ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ. ಕೊರಳಲ್ಲಿ ಲಿಂಗ ಇರುವ ಶಿವಪ್ಪ ಹುಟ್ಟಿದಾರಭ್ಯ ಮೀನು ಬಾಯಿಗಿಟ್ಟವನಲ್ಲ. ಹಿಡಿಯುವ ಹುಚ್ಚು ಮಾತ್ರ ಉಳಿದಿಬ್ಬರಿಗಿಂತ ಹೆಚ್ಚು. ಯಾರಾದರೂ ಕೇಳಿದರೆ, "ತಿನ್ನೂದಿಲ್ರೀ, ಬರೇ ಹಿಡೀತೀನಿ" ಎಂದು ಹೇಳಿ, ಸಿಕ್ಕಿದ್ದನ್ನು ಮೂಸಬ್ಬನ ಬಕೆಟ್ಟಿಗೆ ಹಾಕುತ್ತಾನೆ.

ಅಲ್ ಖೋರ್ ದಾಟಿ ಉತ್ತರಕ್ಕೆ ಹೋದರೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಪೊದೆಗಳು, ಅವುಗಳಾಚೆ ಮೊಣಕಾಲು, ಸೊಂಟದ ಮಟ್ಟದ ನೀರು. ಜಾಗ ಯಾವುದೆಂದು ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ, ಹೇಳಿದರೆ ಏನಾಗುತ್ತದೆ ಎಂದು ಮುಂದೆ ಗೊತ್ತಾಗುತ್ತದೆ. ಆ ದಿನ ನೀರು ಗಂಜಿಯಷ್ಟು ಬಿಸಿಯಿತ್ತು. ನಡೆಯುತ್ತ ನಡೆಯುತ್ತ ಗಿರಿಯಪ್ಪನ ಎಡಗಾಲಿಗೆ ಒಮ್ಮೆಲೇ ತಂಪು ತಾಗಿತು. ನಿಂತ. ಬಲಗಾಲು ಸರಿಸಿದ, ಅಲ್ಲೂ ತಂಪು. ಬಗ್ಗಿ, ಬಂಡೆಯ ಸಂದಿಗೆ ಕೈ ಹಾಕಿ, ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡ. ಉಪ್ಪಿತ್ತು, ಆದರೆ ಕಡಲಿನ ಉಪ್ಪಲ್ಲ.

"ಮೂಸಬ್ಬ! ಒರತೆ ಉಂಟು ಮಾರಾಯ ಇಲ್ಲಿ! ಕಡಲಿನ ಒಳಗೆ ಸೀನೀರು ಬರ್ತಾ ಉಂಟು!" ಎಂದು ಕೂಗಿದ ಹೊಡೆತಕ್ಕೆ ಕಾಂಡ್ಲಾದೊಳಗಿನ ಕೊಕ್ಕರೆಗಳೆಲ್ಲ ಎದ್ದು ಹೋದವು.

ಒರತೆಯ ಸುತ್ತ ಮೀನೋ ಮೀನು. ಅದರಲ್ಲೂ ಹಮೂರು, ಊರಲ್ಲಿ ಮುರು ಮೀನು ಅನ್ನುತ್ತಾರಲ್ಲ, ಅದು. ದೋಹಾದ ಮಾರ್ಕೆಟಿನಲ್ಲಿ ಹಮೂರಿಗಿರುವ ಮರ್ಯಾದೆ ಬೇರೆ ಮೀನಿಗಿಲ್ಲ. ಸುತ್ತಲಿನ ಕಡಲು ಕಾದಾಗ ಅವು ದೂರದೂರದಿಂದ ಈ ತಂಪಿಗೆ ಬಂದು ಸೇರುತ್ತಿದ್ದವು. ಗಿರಿಯಪ್ಪನಿಗೆ ಇದು ಯಾರೂ ಹೇಳಿಕೊಡದೆ ಅರ್ಥವಾಯಿತು. ಜುಲೈಯಲ್ಲಿ ದೋಹಾದ ಜನ ಇಡೀ ಊರಿನ ಸೆಕೆಗೆ ಹೆದರಿ ಅವನ ಚಿಲ್ಲರುಗಳನ್ನು ನಂಬಿ ಮಾಲುಗಳಿಗೆ ನುಗ್ಗುವುದನ್ನು ಅವನು ನೋಡಿಲ್ಲವೇ?

ಒಂದು ಬೇಸಿಗೆ ಮೂವರೇ ಹೋದರು. ಆಮೇಲೆ ಗಿರಿಯಪ್ಪನಿಗೆ ಅಪ್ಪನ ನೆನಪು ಬರತೊಡಗಿತು.

ಅವನ ಅಪ್ಪ ಹೆಜಮಾಡಿಯ ತೀರದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದವರು. ಆ ಬಲೆಗೆ ಎರಡು ಉದ್ದದ ಹಗ್ಗ. ಎಳೆಯುವಾಗ ದಾರಿಯಲ್ಲಿ ಹೋಗುವವನೂ ಕೈ ಹಾಕಬಹುದು, ಕೈ ಹಾಕಿದ ಮೇಲೆ ಅವನಿಗೂ ಒಂದಿಷ್ಟು ಮೀನು ಕೊಡಲೇಬೇಕು. ಮೀನು ಬಿದ್ದ ದಿನ ನೆರೆಯವರನ್ನು ಕರೆಯದವನು ಅಪ್ಪನ ಲೆಕ್ಕದಲ್ಲಿ ಕಳ್ಳ. ಇಂಥ ಮನೆಯಲ್ಲಿ ಬೆಳೆದು, ಇಷ್ಟು ಮೀನು ಕಂಡು, ಮೂರೇ ಜನ ತಿನ್ನುವುದು (ಶಿವಪ್ಪನನ್ನು ಬಿಟ್ಟರೆ ಇಬ್ಬರೇ) ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. 'ದೋಹಾ ಗಾಳ ಬಳಗ' ಎಂಬ ವಾಟ್ಸಾಪ್ ಗ್ರೂಪಿನಲ್ಲಿ ನೂರನಲವತ್ತು ಜನ ಇದ್ದರು. ಒಂದು ಗುರುವಾರ ಸಂಜೆ ಅದಕ್ಕೆ ಒರತೆಯ ಲೊಕೇಶನ್ ಹಾಕಿ, "ಮೀನುಂಟು, ಎಲ್ಲರೂ ಬನ್ನಿ" ಎಂದು ಬರೆದ. ಬರೆದು ನೆಮ್ಮದಿಯಿಂದ ಮಲಗಿದ.

ಎಲ್ಲರೂ ಬಂದರು. ಮೊದಲ ವರ್ಷ ಅದೊಂದು ಜಾತ್ರೆಯಷ್ಟು ಗಮ್ಮತ್ತು. ಆ ನೂರನಲವತ್ತು ಜನಕ್ಕೂ ಬೇರೆ ಗ್ರೂಪುಗಳಿದ್ದವು, ಆ ಗ್ರೂಪಿನವರಿಗೆ ಇನ್ನೂ ಬೇರೆ. ಎರಡನೆಯ ವರ್ಷ ಮಲಯಾಳಿಗಳು, ಫಿಲಿಪೀನಿಗಳು, ಬಂಗಾಳಿಗಳು, ಮದುವೆ ಹಾಲಿನ ಹೊರಗೆ ನಿಂತಷ್ಟು ಕಾರು. ಒರತೆಯ ಸುತ್ತ ಹೆಗಲಿಗೆ ಹೆಗಲು ತಾಗಿಸಿ ಗಾಳ ಹಾಕುವವರು. ಅಂಗೈಯಷ್ಟು ಮರಿಗಳನ್ನೂ ಐಸ್ ಪೆಟ್ಟಿಗೆಗೆ ತುಂಬುವವರು. "ಚಿಕ್ಕದನ್ನು ಬಿಡಿ ಮಾರಾಯ್ರೆ" ಎಂದು ಗಿರಿಯಪ್ಪ ಬೊಬ್ಬೆ ಹೊಡೆದರೆ, "ನಾನು ಬಿಟ್ರೆ ಪಕ್ಕದವ ಹಿಡೀತಾನೆ" ಎಂಬ ಉತ್ತರ. ಪಕ್ಕದವನೂ ಅದನ್ನೇ ಹೇಳುತ್ತಿದ್ದ.

ಮೂಸಬ್ಬನ ಮಗಳು ಮಾಜಿದಾ ಇಲ್ಲಿನ ಯೂನಿವರ್ಸಿಟಿಯಲ್ಲಿ ಕಡಲಿನ ಜೀವಿಗಳ ಬಗ್ಗೆ ಓದುತ್ತಾಳೆ. ಮೂರು ವರ್ಷದಿಂದ ಪ್ರತಿ ಮೇ ತಿಂಗಳ ಕೊನೆಗೆ ಮೈತುಂಬ ಈಜುಡುಗೆ ತೊಟ್ಟು, ಮುಖಕ್ಕೆ ಗಾಜಿನ ಮಾಸ್ಕ್ ಹಾಕಿ, ಮುಳುಗಿ ಒರತೆಯ ಹಮೂರುಗಳನ್ನು ಎಣಿಸುವುದು ಅವಳ ಪ್ರಾಜೆಕ್ಟು. ಮೊದಲ ಸಲ ಅರವತ್ತೆರಡು. ಎರಡನೆಯ ಸಲ ಹತ್ತೊಂಬತ್ತು. ಈ ವರ್ಷ ಮೇಲೆ ಬಂದವಳು ಮಾಸ್ಕ್ ತೆಗೆದಳು.

"ಎಷ್ಟು ಮಗಾ?" ಎಂದ ಗಿರಿಯಪ್ಪ.

"ನಾಲ್ಕು, ಅಂಕಲ್. ಓನ್ಲಿ ನಾಲ್ಕು. ಅದೂ ಬೇಬಿ ಸೈಜ್."

"ಉಳಿದದ್ದು ಬೇರೆ ಕಡೆ ಹೋಗಿರ್ಬಹುದಾ?"

"ಎಲ್ಲಿ ಹೋಗೋದು ಅಂಕಲ್? ಹೊರಗೆ ನೀರು ಅಷ್ಟು ಹಾಟ್ ಉಂಟು. ಬದುಕ್ಲಿಕ್ಕೆ ಇಲ್ಲಿಗೇ ಬರ್ಬೇಕು. ಬಂದ್ರೆ ಎಲ್ಲ ಒಂದೇ ಜಾಗದಲ್ಲಿ, ಕ್ಯಾಚ್ ಮಾಡೋದು ಈಸಿ. ಇನ್ನು ಒಂದು ಸಮ್ಮರ್ ಹೀಗೇ ಆದ್ರೆ ಫಿನಿಶ್."

ಆ ದಿನ ಮಧ್ಯಾಹ್ನ ಗಿರಿಯಪ್ಪನಿಗೆ ಊಟ ಸೇರಲಿಲ್ಲ. ನಾಚಿಕೆಯಾಯಿತು, ದುಃಖವೂ ಆಯಿತು. ಕಡಲು ಅವನೊಬ್ಬನಿಗೆ ಬಾಗಿಲು ತೆರೆದು ತೋರಿಸಿದ್ದನ್ನು ಅವನು ಊರಿಗೆಲ್ಲ ಸಾರಿ ಹಾಳು ಮಾಡಿದ್ದ. ಹೇಗಾದರೂ ಮಾಡಿ ಆ ಒರತೆಗೆ ಮೀನು ತಿರುಗಿ ಬರಬೇಕು, ಬಾರದಿದ್ದರೆ ಇನ್ನು ಗಾಳ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ. ಕಳಿಸಿದ ಲೊಕೇಶನ್ನನ್ನು ವಾಪಸು ಕರೆಸುವ ಬಟನ್ ಯಾವ ಫೋನಿನಲ್ಲೂ ಇರಲಿಲ್ಲ.

ಜೂನ್ ಒಂದನೆಯ ತಾರೀಕು ಸುಗಂಧಿಯ ಫೋನ್ ಬಂತು.

"ಊಟ ಆಯ್ತಾ ನಿಮ್ದು?" ಎಂದಳು. "ಇಲ್ಲಿ ಇವತ್ತಿಂದ ಕಡಲಿಗೆ ರಜೆ. ಬೋಟೆಲ್ಲ ಮೇಲೆ ಬಂತು. ಇನ್ನು ಎರಡು ತಿಂಗಳು ಹಸಿಮೀನಿನ ಮುಖ ನೋಡ್ಲಿಕ್ಕಿಲ್ಲ. ಒಣಮೀನಿನ ಚಟ್ನಿಯೇ ಗತಿ."

ಕರಾವಳಿಯಲ್ಲಿ ಮಳೆಗಾಲ ಶುರುವಾದರೆ ಅರವತ್ತೊಂದು ದಿನ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಗಿರಿಯಪ್ಪ ಬಾಲ್ಯದಿಂದ ಕಂಡದ್ದೇ, ಹೊಸತೇನಲ್ಲ. ಆದರೆ ಅಂದು ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ಹೋಗಿ ತಾಗಿತು.

"ರಜೆ!" ಎಂದು ಅವನು ಕೂಗಿದ. ರೂಮಿನ ಮೂವರೂ ಬೆಚ್ಚಿಬಿದ್ದರು. "ಸುಗಂಧಿ, ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು!"

"ಸಕ್ಕರೆ ಬೇಡ, ಶುಗರ್ ಉಂಟು" ಎಂದು ಸುಗಂಧಿ ಫೋನಿಟ್ಟಳು.

ಆ ಶುಕ್ರವಾರ ಮೂಸಬ್ಬನ ಕೆಫೆಟೇರಿಯಾದಲ್ಲಿ ಮೂವತ್ತು ಜನ ಸೇರಿದರು. ಗಿರಿಯಪ್ಪ ಎದ್ದು ನಿಂತು ವಿಷಯ ಹೇಳಿದ. ಊರಲ್ಲಿ ಹೇಗೋ ಹಾಗೆ ಇಲ್ಲೂ ಮಳೆಗಾಲದ ರಜೆ. ಜುಲೈ ಕೊನೆಯವರೆಗೆ ಒರತೆಗೆ ಯಾರೂ ಗಾಳ ಹಾಕಬಾರದು.

ಮೊದಲು ಬಾಯಿ ತೆರೆದವನು ಗೇಬ್ರಿಯಲ್. ಉಳ್ಳಾಲದವನು, ಯಾವುದೋ ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಕೆಲಸ. ಇಡೀ ಬಳಗದಲ್ಲಿ ಅವನದರಷ್ಟು ಬೆಲೆಯ ಗಾಳದ ರಾಡು ಯಾರ ಬಳಿಯೂ ಇಲ್ಲ, ಅವನಷ್ಟು ಮೀನು ಹಿಡಿದವರೂ ಇಲ್ಲ.

"ಗಿರಿಯಣ್ಣ, ಮಳೆ ಎಲ್ಲುಂಟು?" ಎಂದು ಕಿಟಕಿಯ ಹೊರಗೆ ಕೈ ತೋರಿಸಿದ. ಹೊರಗೆ ನಲವತ್ತಾರು ಡಿಗ್ರಿ. ರಸ್ತೆಯ ಟಾರು ಕರಗುವುದೊಂದು ಬಾಕಿ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಗಿರಿಯಪ್ಪನೂ ನಕ್ಕ.

ಆದರೆ ಗೇಬ್ರಿಯಲ್ ಬಿಡಲಿಲ್ಲ. "ನಾವು ಕೇಳಿಕೊಂಡು ಬಂದದ್ದಾ? ಬನ್ನಿ ಅಂತ ಕರೆದದ್ದು ನೀವು. ಈಗ ಬರ್ಬೇಡಿ ಅನ್ನುದೂ ನೀವು. ಇದು ಯಾವ ನ್ಯಾಯ?"

ನಗು ನಿಂತಿತು. ಗಿರಿಯಪ್ಪ ಹೇಳಬೇಕೆಂದು ತಯಾರು ಮಾಡಿಕೊಂಡ ಮಾತೆಲ್ಲ ಮರೆತುಹೋಯಿತು.

"ಹೌದು. ಕರೆದದ್ದು ನಾನೇ. ಕರಿಬೇಕಾದ್ದು ಅಂತ ಕರೆದೆ. ಆದ್ರೆ ಬಲೆ ಎಳೆದು ಮುಗಿದ ಮೇಲೆ ಕಡಲಿಗೆ ಸ್ವಲ್ಪ ದಿನ ಬಿಡ್ಬೇಕು ಅಂತ ಹೇಳ್ಲಿಲ್ಲ. ಅದು ನನ್ನ ತಪ್ಪು" ಎಂದ. ಗಿರಿಯಪ್ಪ ಮೆಲ್ಲಗೆ ಮಾತಾಡಿದ್ದನ್ನು ಅಲ್ಲಿದ್ದವರು ಅಂದೇ ಮೊದಲು ಕೇಳಿದ್ದು.

ಆಗ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಶಿವಪ್ಪ ಲೋಟ ಕೆಳಗಿಟ್ಟ.

"ನಾ ಒಂದ್ ಮಾತ್ ಹೇಳ್ಲೇನ್ರೀ? ನಾ ಮೀನಾ ತಿನ್ನಾಂವಲ್ಲ, ಅದಕ್ಕ ನನಗ ಲಾಭಾನೂ ಇಲ್ಲ, ಲುಕ್ಸಾನೂ ಇಲ್ಲ. ಜೂನ್ ಬಂತಂದ್ರ ಇಲ್ಲೆ ಸರ್ಕಾರದವ್ರ ಮಧ್ಯಾಹ್ನ ಬಿಸಿಲಾಗ ಹೊರಗಿನ ಕೆಲಸ ಬಂದ್ ಮಾಡಸ್ತಾರ. ಹತ್ತು ಗಂಟೇಕ ನಾವೆಲ್ಲಾ ನೆಳ್ಳಿಗೆ ಹೋಗಿ ಕುಂದ್ರತೀವಿ. ಯಾಕಂದ್ರ ಬಿಸಿಲಾಗ ನಿಂತ್ರ ಜೀವಾ ಹೋಗ್ತದ. ಹಂಗ ನೆಳ್ಳಾಗ ಕುಂತಾಗ ಯಾರರ ಬಂದು ನಮ್ಮನ್ನ ಒಬ್ಬೊಬ್ಬನ್ನ ಎಳಕೊಂಡು ಹೋದ್ರ ಹೆಂಗ ಅನಸ್ತದ? ಆ ಮೀನ ಅಲ್ಲಿ ನೆಳ್ಳಿಗೆ ಬಂದಾವ್ರಿ. ಅಷ್ಟ."

ಅಲ್ಲಿದ್ದ ಮೂವತ್ತರಲ್ಲಿ ಹೆಚ್ಚಿನವರು ಆ ಬಿಸಿಲು ಕಂಡವರು, ಆ ನೆರಳಿನಲ್ಲಿ ಕುಳಿತವರು. ಗೇಬ್ರಿಯಲ್ ಆಫೀಸಿನವನಾದರೂ ತಲೆ ಕೆರೆದುಕೊಂಡು, "ಆಯ್ತು, ಎಲ್ಲರೂ ಒಪ್ಪಿದ್ರೆ ನಾನೂ ಒಪ್ಪಿದೆ" ಎಂದ. ತಪ್ಪಿದವನಿಗೆ ಏನು ಶಿಕ್ಷೆ ಎಂಬ ಚರ್ಚೆ ಬಂತು. ತಪ್ಪಿದವನು ಒಂದು ತಿಂಗಳು ಶಿವಪ್ಪನ ರೂಮಿನ ರೊಟ್ಟಿ, ಪಲ್ಯವನ್ನೇ ತಿನ್ನಬೇಕು, ಮೀನಿನ ವಾಸನೆಯೂ ಇಲ್ಲ ಎಂದು ಮೂಸಬ್ಬ ತೀರ್ಪು ಕೊಟ್ಟ.

"ನಮ್ಮ ಊಟಕ್ಕ ಶಿಕ್ಷಾ ಅಂತೀರೇನ್ರೀ?" ಎಂದು ಶಿವಪ್ಪ ಎದ್ದು ನಿಂತ. ಅವನನ್ನು ಸಮಾಧಾನ ಮಾಡಲು ಇನ್ನೊಂದು ಸುತ್ತು ಚಹಾ ಆಯಿತು.

ತಮ್ಮವರೇನೋ ಒಪ್ಪಿದರು, ಉಳಿದವರು? ಅದಕ್ಕೆ ಮೂಸಬ್ಬನ ಫ್ರೀಜರ್ ಇತ್ತು. ಆ ರಸ್ತೆಯಲ್ಲಿ ಉತ್ತರಕ್ಕೆ ಗಾಳ ಹಿಡಿದು ಹೋಗುವವರೆಲ್ಲ ಅವನಲ್ಲಿ ನಿಲ್ಲಿಸಿಯೇ ಬೊಂಡಾಸು ಕೊಳ್ಳುತ್ತಿದ್ದದ್ದು. ಮರುದಿನದಿಂದ ಯಾರೇ ಕೇಳಿದರೂ, "ಮಾಫಿ, ಇಲ್ಲ. ಆಗಸ್ಟ್‌ವರೆಗೆ ಮಾಫಿ" ಎಂದ. ಕಾರಣ ಕೇಳಿದರೆ ಗೋಡೆಗೆ ಅಂಟಿಸಿದ ಚೀಟಿ ತೋರಿಸಿದ: ಒರತೆಯ ಮೀನಿಗೆ ಮಳೆಗಾಲದ ರಜೆ. ಹಿಂದಿಯಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಮಲಯಾಳಿಗಳಿಗೆ ವಿವರಿಸಬೇಕಾಗಲೇ ಇಲ್ಲ. ಅವರ ಊರಲ್ಲೂ ಮಳೆಗಾಲದಲ್ಲಿ ಬೋಟು ಕಟ್ಟಿಡುತ್ತಾರೆ. ಚೀಟಿ ಓದಿ, ಹೌದಲ್ಲ ಎಂದು ತಲೆಯಾಡಿಸಿ, ಚಹಾ ಕುಡಿದು ದೋಹಾಕ್ಕೆ ತಿರುಗಿದರು. ಉಳಿದವರಲ್ಲಿ ಕೆಲವರು ನಕ್ಕರು, ಕೆಲವರು ಬೈದರು, ಕೆಲವರು ಬೇರೆ ಜಾಗಕ್ಕೆ ಹೋದರು. ಮಾಜಿದಾ ಮಾತ್ರ ಹುಷಾರು ಹೇಳಿದಳು: ಎರಡು ತಿಂಗಳಲ್ಲಿ ಹೊಸ ಮೀನು ಹುಟ್ಟಿ ಬೆಳೆಯುವುದಿಲ್ಲ, ದೂರದಿಂದ ತಂಪು ಹುಡುಕಿ ಬರುವ ಮೀನುಗಳು ಇನ್ನೂ ಉಳಿದಿದ್ದರೆ ಮಾತ್ರ ಬಂದಾವು. ಉಳಿದಿವೆಯೋ ಇಲ್ಲವೋ ಯಾರಿಗೆ ಗೊತ್ತು?

ಆ 'ಯಾರಿಗೆ ಗೊತ್ತು' ಗಿರಿಯಪ್ಪನನ್ನು ಎರಡು ತಿಂಗಳು ಕೊರೆಯಿತು. ಪ್ರತಿ ಶುಕ್ರವಾರ ಬೆಳಕು ಹರಿಯುವಾಗ ಮೂಸಬ್ಬನ ಪಿಕಪ್ಪಿನಲ್ಲಿ ಕಾವಲಿಗೆ ಹೋಗುತ್ತಿದ್ದ. ದಡದಲ್ಲೇ ನಿಲ್ಲುತ್ತಿದ್ದ, ನೀರಿಗಿಳಿದು ಮೀನನ್ನು ಹೆದರಿಸಲು ಮನಸ್ಸಿರಲಿಲ್ಲ.

ಜುಲೈ ನಡುವಿನ ಒಂದು ಶುಕ್ರವಾರ ನೋಡಿದರೆ, ಕಾಂಡ್ಲಾದ ಬದಿಯಲ್ಲಿ ಗೇಬ್ರಿಯಲ್‌ನ ಬಿಳಿ ಕಾರು! ಗಿರಿಯಪ್ಪನ ಮೈಯೆಲ್ಲ ಉರಿಯಿತು. ಪಿಕಪ್ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದ. ಒರತೆಯ ಹತ್ತಿರ ಗೇಬ್ರಿಯಲ್ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ, ಇಸ್ತ್ರಿ ಮಾಡಿದ ಶರ್ಟಿನಲ್ಲೇ. ಅವನೆದುರು ಗಾಳ ಹಿಡಿದ ಇಬ್ಬರು ಅಪರಿಚಿತರು.

"ನೋ ಫಿಶಿಂಗ್!" ಎಂದು ಗೇಬ್ರಿಯಲ್ ಕಿರುಚುತ್ತಿದ್ದ. "ರೈನಿ ಸೀಸನ್! ಅಂಡರ್‌ಸ್ಟ್ಯಾಂಡ್? ರೈನಿ ಸೀಸನ್!"

ಆ ಇಬ್ಬರೂ ತಲೆಯೆತ್ತಿ ಆಕಾಶ ನೋಡಿದರು. ಒಂದು ತುಣುಕು ಮೋಡವಿಲ್ಲ. ಗೇಬ್ರಿಯಲ್‌ನ ಮುಖ ನೋಡಿದರು. ಮಾತಿಲ್ಲದೆ ಗಾಳ ಸುತ್ತಿಕೊಂಡು, ಬೇಗ ಬೇಗ ಕಾರು ಹತ್ತಿ ಹೊರಟೇ ಹೋದರು.

"ನೀನು ಯಾಕೆ ಬಂದದ್ದು ಮಾರಾಯ?" ಎಂದು ಗಿರಿಯಪ್ಪ ಏದುಸಿರು ಬಿಡುತ್ತ ಕೇಳಿದ.

ಗೇಬ್ರಿಯಲ್ ಒದ್ದೆ ಶರ್ಟು ಹಿಂಡಿದ. "ಸುಳ್ಳು ಹೇಳುದಿಲ್ಲ ಗಿರಿಯಣ್ಣ. ರಾಡ್ ಡಿಕ್ಕಿಯಲ್ಲಿ ಉಂಟು. ಒಂದೇ ಒಂದು ಹಾಕಿ ಹೋಗುವ ಅಂತ ಬಂದದ್ದು. ಬಂದು ನೋಡಿದ್ರೆ ಇವರು! ನಾವೆಲ್ಲ ಒಂದೂವರೆ ತಿಂಗಳು ಬಾಯಿ ಕಟ್ಟಿ ಕೂತದ್ದು ಇವರಿಗಾ? ಪಿತ್ತ ನೆತ್ತಿಗೇರಿತು."

ಗಿರಿಯಪ್ಪನ ಸಿಟ್ಟು ಎಲ್ಲಿ ಹೋಯಿತೋ. ಇಬ್ಬರೂ ನೀರಿನಲ್ಲಿ ನಿಂತು ನಕ್ಕರು. ಅಲ್ಲಿಂದ ಮುಂದೆ ಕಾವಲಿಗೆ ಗೇಬ್ರಿಯಲ್ ಎಲ್ಲರಿಗಿಂತ ಮೊದಲು ಬರತೊಡಗಿದ.

ಆಗಸ್ಟಿನ ಮೊದಲ ಶುಕ್ರವಾರ, ಸೂರ್ಯ ಇನ್ನೂ ಕೆಂಪಗಿರುವಾಗಲೇ, ರಜೆಗೆ ಒಪ್ಪಿದ ಆ ಮೂವತ್ತೂ ಜನ ದಡದಲ್ಲಿ ಸೇರಿದರು. ಕಾರುಗಳ ನೆತ್ತಿಯ ಮೇಲೆ ರಾಡುಗಳು. ಊರಲ್ಲಿ ಬೋಟಿಳಿಸುವ ಮೊದಲು ಕಡಲಿಗೆ ಹಾಲು, ತೆಂಗಿನಕಾಯಿ ಬಿಡುವ ಪದ್ಧತಿ. ಗಿರಿಯಪ್ಪ ಮನ್ಸೂರಾದಿಂದ ಕಾಯಿ ತಂದಿದ್ದ, ಮೂಸಬ್ಬ ಕೆಫೆಟೇರಿಯಾದಿಂದ ಹಾಲಿನ ಡಬ್ಬಿ. ಗಿರಿಯಪ್ಪ ಕಣ್ಣು ಮುಚ್ಚಿ, ನೀರಿಗೆ ಹಾಲು ಹೊಯ್ದು, ಕಾಯಿ ಬಿಟ್ಟು, ಒಂದೇ ಮಾತು ಬೇಡಿದ. ಏನು ಬೇಡಿದನೆಂದು ಎಲ್ಲರಿಗೂ ಗೊತ್ತಿತ್ತು.

ಮಾಜಿದಾ ನೀರಿಗಿಳಿದಳು. ಮಾಸ್ಕ್ ಹಾಕಿ ಮುಳುಗಿದಳು. ಮೂವತ್ತು ಜನ ಕತ್ತು ಚಾಚಿ ನಿಂತರು. ಅವಳು ಮೇಲೆ ಬಂದಳು, ಮತ್ತೆ ಮುಳುಗಿದಳು. ಇನ್ನೊಮ್ಮೆ ಬಂದಳು, ಇನ್ನೊಮ್ಮೆ ಮುಳುಗಿದಳು. ಮೂರನೆಯ ಸಲ ಮಾಸ್ಕ್ ಹಣೆಗೇರಿಸಿ, "ಅಂಕಲ್, ಕೌಂಟ್ ಆಗ್ತಾ ಇಲ್ಲ" ಎಂದಳು.

ಗಿರಿಯಪ್ಪ ನೀರಿಗಿಳಿದು ಅವಳ ಬಳಿಗೆ ಓಡಿದ, ಹಿಂದೆಯೇ ಮೂಸಬ್ಬ. "ಒಂದೂ ಇಲ್ವಾ ಮಗಾ?"

"ಅಯ್ಯೋ, ಹಾಗಲ್ಲ ಅಂಕಲ್! ಎಪ್ಪತ್ತು ಆದ ಮೇಲೆ ಎಲ್ಲ ಮಿಕ್ಸ್ ಆಗ್ತದೆ! ಮತ್ತೆ ಫಸ್ಟಿಂದ ಸ್ಟಾರ್ಟ್ ಮಾಡ್ಬೇಕು!" ಅವಳು ಮಾಸ್ಕ್ ಬಿಚ್ಚಿ ಅವನ ಕೈಗಿಟ್ಟಳು. "ನೀವೇ ನೋಡಿ."

ಗಿರಿಯಪ್ಪ ಮಾಸ್ಕ್ ಹಿಡಿದು ನಿಂತ. ಐವತ್ತೈದು ವರ್ಷದಲ್ಲಿ ಅವನು ಕಂಡ ಮೀನಿಗೆ ಲೆಕ್ಕವಿರಲಿಲ್ಲ. ಬಲೆಯಲ್ಲಿ ಕಂಡಿದ್ದ, ಬುಟ್ಟಿಯಲ್ಲಿ, ಐಸಿನಲ್ಲಿ, ಗಾಳದ ತುದಿಯಲ್ಲಿ, ಬಾಣಲೆಯಲ್ಲಿ ಕಂಡಿದ್ದ. ಮೀನು ತನ್ನ ಮನೆಯಲ್ಲಿ ತನ್ನ ಪಾಡಿಗೆ ಇರುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಹೆಜಮಾಡಿಯ ಕಲಕಿದ ಕಡಲಿನಲ್ಲಿ ಅವನಪ್ಪನೂ ಕಂಡಿರಲಿಲ್ಲ, ಅಜ್ಜನೂ ಕಂಡಿರಲಿಲ್ಲ. ಪಟ್ಟಿ ಬಿಗಿದು, ಮೂಗು ಹಿಡಿದು, ಬಗ್ಗಿದ.

ಬಂಡೆಯ ಸಂದಿಯಿಂದ ತಣ್ಣೀರು ಮಿಣಮಿಣ ನಡುಗುತ್ತ ಮೇಲೆ ಬರುತ್ತಿತ್ತು. ಅದರ ಸುತ್ತ ಕಂದು ಮೈಯ, ಕಿತ್ತಳೆ ಚುಕ್ಕೆಯ ಹಮೂರುಗಳು ಒಂದರ ಪಕ್ಕ ಒಂದು ತಲೆಯನ್ನು ತಂಪಿಗೆ ಕೊಟ್ಟು ನಿಂತಿದ್ದವು. ಯಾವ ಗಡಿಬಿಡಿಯೂ ಇಲ್ಲ. ಕಿವಿರು ತೆರೆಯುವುದು, ಮುಚ್ಚುವುದು, ಅಷ್ಟೇ. ಮುಂದಿದ್ದ ದೊಡ್ಡದೊಂದು ಕಣ್ಣು ಹೊರಳಿಸಿ ಗಿರಿಯಪ್ಪನನ್ನು ನೋಡಿತು, ನೋಡಿ ಮತ್ತೆ ತನ್ನ ಕೆಲಸ ನೋಡಿಕೊಂಡಿತು. ಗಿರಿಯಪ್ಪನಿಗೆ ಸಂತೋಷದಿಂದ ಅಳು ಬಂತು, ನೀರಿನಡಿಯಲ್ಲಿ ಅಳುವುದು ಹೇಗೆಂದು ತಿಳಿಯಲಿಲ್ಲ. ಉಸಿರು ತೆಗೆದುಕೊಳ್ಳಲು ಮರೆತ.

ಮೂಸಬ್ಬ ಬನಿಯನ್ ಹಿಡಿದು ಮೇಲೆಳೆದ. "ಏ ಗಿರಿಯಪ್ಪ! ಸತ್ತೆಯಾ?"

ಗಿರಿಯಪ್ಪ ಕೆಮ್ಮಿದ, ಮೂಗು ಒರೆಸಿಕೊಂಡ, ಬಾಯಿ ತೆರೆದ. ದಡದಿಂದ "ಎಷ್ಟುಂಟು? ಎಷ್ಟುಂಟು?" ಎಂದು ಕೂಗುತ್ತಿದ್ದರು. ಅವನು ಮಾಸ್ಕ್ ಬಿಚ್ಚಿ ಮೂಸಬ್ಬನ ತಲೆಗೆ ತೊಡಿಸಿ, ಕತ್ತು ಹಿಡಿದು ನೀರಿಗೆ ಬಗ್ಗಿಸಿದ.

ಮೂಸಬ್ಬನಿಂದ ಅದು ಶಿವಪ್ಪನ ಕೈಗೆ ಹೋಯಿತು. ಶಿವಪ್ಪ ಎದ್ದು, "ಯಪ್ಪಾ! ಏನ್ ಆರಾಮ ಕುಂತಾವ್ರೀ!" ಎಂದು ಕೈ ಮುಗಿದ. ಆಮೇಲೆ ಸಾಲು ಹಿಡಿಯಿತು. ಒಂದೇ ಮಾಸ್ಕ್, ಮೂವತ್ತು ಜನ. ಬಗ್ಗಿದವನು ಏಳಲೊಲ್ಲ, ಹಿಂದಿನವನು ಬಿಡಲೊಲ್ಲ. "ಯಲ್ಲಾ, ಯಲ್ಲಾ, ಬೇಗ ಏಳು, ಸಾಕು" ಎಂದು ಒಬ್ಬರನ್ನೊಬ್ಬರು ಎಳೆದರು. ಮಾಜಿದಾ ದಡದಲ್ಲಿ ಕುಳಿತು ನಕ್ಕೂ ನಕ್ಕೂ ಸುಸ್ತಾದಳು. ಬಿಸಿಲೇರಿತು, ಭರತವೂ ಏರಿ ನೀರು ಎದೆಯ ಮಟ್ಟಕ್ಕೆ ಬಂತು. ರಜೆ ಮುಗಿದಿತ್ತು, ರಾಡುಗಳು ಕಾರಿನ ಮೇಲೇ ಇದ್ದವು, ಒಬ್ಬನೂ ಅವುಗಳ ಕಡೆ ತಿರುಗಿ ನೋಡಿರಲಿಲ್ಲ. ಗೇಬ್ರಿಯಲ್ ಆಗಲೇ ಎರಡನೆಯ ಸಲ ಸಾಲಿನಲ್ಲಿ ನಿಂತಿದ್ದ.